ಶೆಗುಲಾಬಾಯಿ ಕೊಟ್ಟ ತೊಲೆಗಳು

ಸಾಗರದಲ್ಲಿದ್ದ ಒಂದೇ ಒಂದು ಯಹೂದಿ ಮನೆ ಶೆಗುಲಾಬಾಯಿಯದು. ಮರದ ವ್ಯಾಪಾರಕ್ಕೆಂದು ಕೊಂಕಣದಿಂದ ಬಂದಿದ್ದ ಗಂಡ ತೀರಿಕೊಂಡ ಮೇಲೆ ಮರ ಕೊಯ್ಯುವ ಸಾಮಿಲ್ಲನ್ನು ಅವರೇ ನಡೆಸುತ್ತಿದ್ದರು. ಊರಿನಲ್ಲಿ ಅವರಿಗೆ ‘ಬಾಯಿ’ ಎಂದೇ ಹೆಸರು. ಮಕ್ಕಳಿರಲಿಲ್ಲ. ಸುತ್ತಲಿನ ಶಾಲೆಗಳಿಗೆ ಬೆಂಚು, ಕರಿಹಲಗೆ ಮಾಡಿಸಿಕೊಡುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು.

ಗಂಡನ ಆಸೆಯೊಂದು ಉಳಿದಿತ್ತು. ಕೊಂಕಣದಲ್ಲಿ ತಾವು ಮದುವೆಯಾದ ಪ್ರಾರ್ಥನಾ ಮಂದಿರದ ಸೂರಿಗೆ ಗೆದ್ದಲು ಹಿಡಿದಿತ್ತು. ಅದಕ್ಕೆ ಹೊಸ ತೊಲೆ ಕೊಡಬೇಕೆಂದು. ಬಾಯಿ ಎದುರಿಗೇ ನಿಂತು ಸಾಗುವಾನಿ ಕೊಯ್ಯಿಸಿ, ನೆರಳಲ್ಲಿ ಒಣಗಲು ಇಟ್ಟಿದ್ದರು.

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ಕಾಲ. ಊರು ಮುಳುಗಿ ತಾಳಗುಪ್ಪದ ಕಡೆ ಬಂದು ನೆಲೆಸಿದ್ದ ಹುಲಿಯಪ್ಪ ಒಂದು ಬೆಳಿಗ್ಗೆ ಬಂದ.

“ಅಮ್ಮಾ, ನಾವೇ ಮಣ್ಣು ಕಲಸಿ ಸ್ಕೂಲಿನ ಗ್ವಾಡೆ ಎಬ್ಬಿಸೀವಿ. ಮ್ಯಾಲೆ ಹಾಕಾಕೆ ಒಂದು ತೊಲೆನೂ ಇಲ್ಲ. ಮಳೆ ಹಿಡಿದ್ರೆ ಎಲ್ಲಾ ಕರಗಿ ಹೋಗ್ತೈತೆ.”

ಹಸಿ ಮರ ಹಾಕಿದರೆ ಬಾಗುತ್ತದೆ. ಒಣಗಿದ್ದು ಆ ಸಾಗುವಾನಿಯೊಂದೇ. ಬಾಯಿ ಆ ತೊಲೆಗಳ ಸುತ್ತ ಒಂದೆರಡು ಸಲ ಓಡಾಡಿದರು. ಕೊನೆಗೆ, “ತಗೊಂಡು ಹೋಗಪ್ಪ” ಎಂದರು.

ಮಳೆಗೆ ಮುಂಚೆಯೇ ಕೊಂಕಣದಿಂದ ಮೈದುನನ ಮಗ ಏಲಿಯಾ ತೊಲೆ ಒಯ್ಯಲು ಲಾರಿ ತಂದ. ವಿಷಯ ಕೇಳಿ ಕೆಂಡವಾದ.

“ದೇವರಿಗೆಂದು ಇಟ್ಟದ್ದು, ದೊಡ್ಡಮ್ಮಾ! ಮಂದಿರದ ಹಿರಿಯರಿಗೆ ನಾನೇನು ಹೇಳಲಿ?”

“ನಾನೇ ಕೊಟ್ಟೆ ಅಂತ ಹೇಳು. ಆ ಮಕ್ಕಳನ್ನು ಒಮ್ಮೆ ನೋಡಿಕೊಂಡು ಹೋಗು.”

ನೋಡಲು ಹೋಗದೆ ಅವನು ಖಾಲಿ ಲಾರಿಯಲ್ಲಿ ಹಿಂದಿರುಗಿದ. ಗಂಡನಿದ್ದಿದ್ದರೆ ನೊಂದುಕೊಳ್ಳುತ್ತಿದ್ದರೇ ಎಂಬ ಪ್ರಶ್ನೆ ಬಾಯಿಯನ್ನು ಬಹಳ ದಿನ ಕಾಡಿತು.

ಮುಂದಿನ ಬೇಸಿಗೆಯಲ್ಲಿ ಬೇರೆ ಮರ ಹೇರಿಸಿಕೊಂಡು ತಾವೇ ಕೊಂಕಣಕ್ಕೆ ಹೋದರು. ಅಷ್ಟರಲ್ಲಿ ಮಂದಿರಕ್ಕೆ ತಗಡು ಹೊದಿಸಿಯಾಗಿತ್ತು. ಮಂದಿರದ ಹಿರಿಯರು ಮುಖ ಕೊಟ್ಟು ಮಾತಾಡಲಿಲ್ಲ. ಅವರಲ್ಲೊಬ್ಬರ ಹೆಂಡತಿ ಮಾತ್ರ ಕೈಹಿಡಿದು ಮಂದಿರದ ಹಿಂದಿನ ಕೋಣೆಗೆ ಕರೆದೊಯ್ದರು. ಅಲ್ಲಿ ಮಕ್ಕಳು ಬರಿನೆಲದ ಮೇಲೆ ಕೂತು ಹೀಬ್ರೂ ಅಕ್ಷರ ಕಲಿಯುತ್ತಿದ್ದವು. ಬಾಯಿ ಅಲ್ಲೇ ಉಳಿದು, ಬಡಗಿಯನ್ನು ಕರೆಸಿ, ತಂದ ಮರದಲ್ಲಿ ಬೆಂಚು, ಪುಸ್ತಕದ ಕಪಾಟು ಮಾಡಿಸಿದರು. ಹೊರಡುವ ದಿನವೂ ಹಿರಿಯರು ಬೀಳ್ಕೊಡಲು ಬರಲಿಲ್ಲ.

ಕೆಲವು ವರ್ಷಗಳಲ್ಲಿ ಹುಲಿಯಪ್ಪನ ಮಗಳು ಹೂವಮ್ಮ ಅದೇ ಶಾಲೆಯಲ್ಲಿ ಏಳನೇ ಕ್ಲಾಸು ಪಾಸಾದಳು. ಹೈಸ್ಕೂಲು ದೂರವೆಂದು ಅವನು ಹಿಂಜರಿದಾಗ ಬಾಯಿ ಹುಡುಗಿಯನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಶುಕ್ರವಾರ ಸಂಜೆ ಅವರು ಪ್ರಾರ್ಥನೆಯ ದೀಪ ಹಚ್ಚಿ ಕಣ್ಣು ಮುಚ್ಚಿದರೆ, ಗಟ್ಟಿಯಾಗಿ ಪಾಠ ಓದುತ್ತಿದ್ದ ಹೂವಮ್ಮ ಥಟ್ಟನೆ ಸುಮ್ಮನಾಗುತ್ತಿದ್ದಳು.

“ಯಾಕೆ ನಿಲ್ಲಿಸ್ದೆ? ಓದು ಮಗಾ,” ಎನ್ನುತ್ತಿದ್ದರು ಬಾಯಿ, ಕಣ್ಣು ತೆರೆಯದೆ.