ಎಪ್ಪತ್ನಾಲ್ಕು ಮೂಟೆಗಳ ಅಂಬಾದಾಸ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ, ಜಯಶೀಲ ಅವರ ಸಸ್ಯಾಹಾರಿ ಹೋಟೆಲಿನ ಹಿಂದಿನ ಓಣಿಯಲ್ಲಿ ಒಂದು ಶಟರ್ ಕಿರುಗುಟ್ಟುತ್ತ ಮೇಲೇರುತ್ತದೆ. ಒಳಗೆ ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಹೊರಗೆ ಆಗಲೇ ಸಾಲು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೂಟೆ. ಹಳೆಯ ಸೀರೆ, ಲುಂಗಿ, ಚುನಾವಣೆಯ ಬ್ಯಾನರ್, ಯಾವ ಬಟ್ಟೆ ಸಿಕ್ಕಿತೋ ಅದರಲ್ಲಿ ಕಟ್ಟಿದ್ದು. ಎಣ್ಣೆ ಡಬ್ಬ ಬೋರಲು ಹಾಕಿ ಕುಳಿತ ಅಂಬಾದಾಸ ಅವರ ಮುಂದೆ ನಿಂತು ಪ್ರತಿಯೊಬ್ಬರೂ ತಮ್ಮ ಮೂಟೆಯ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಅಂಬಾದಾಸ ಆ ಗಂಟಿನ ಮೇಲೆ ಎರಡು ಸೆಕೆಂಡು ಬೆರಳಾಡಿಸಿ ಮೂಟೆಯನ್ನು ಕಪಾಟಿಗೆ ಸೇರಿಸುತ್ತಾರೆ. ಟೋಕನ್ ಇಲ್ಲ, ಚೀಟಿ ಇಲ್ಲ, ಪುಸ್ತಕವೂ ಇಲ್ಲ.

ಹೆಸರಾದರೂ ಬರೆದುಕೊಳ್ಳಬಾರದೇ ಎಂದು ಕೇಳಿದೆ. "ಹೆಸರು ಬದಲಾಗ್ತದ್ರಿ. ಸೋಮವಾರ ಒಂದ್ ಹೇಳ್ತಾರ, ಗುರುವಾರ ಇನ್ನೊಂದ್ ಹೇಳ್ತಾರ. ಕೈ ಬದಲಾಗಲ್ಲ. ಗಂಟ್ ಹಾಕೋದ್ರಾಗ ಒಬ್ಬೊಬ್ಬರದು ಒಂದೊಂದು ರೀತಿ ಇರ್ತದ," ಎಂದರು. ಸಂಜೆ ಮೂಟೆ ಬೇಕೆಂದರೆ ಒಂದು ತುಂಡು ಬಟ್ಟೆಯ ಮೇಲೆ ಅದೇ ಗಂಟು ಹಾಕಿ ತೋರಿಸಬೇಕು. ಕೈ ಹೊಂದಿದರೆ ಮೂಟೆ ಸಿಗುತ್ತದೆ.

ನಂಬದ ನಾನು ಪರೀಕ್ಷೆಗೆಂದು ನನ್ನ ಬಟ್ಟೆಯ ಚೀಲದ ಬಾಯಿ ಕಟ್ಟಿ ಕೊಟ್ಟೆ. "ನೀವು ಕುರ್ಚಿ ಮ್ಯಾಲ ಕುಂತು ದುಡಿಯೋರು," ಎಂದು ಗಂಟು ಮುಟ್ಟಿಯೇ ಹೇಳಿದರು. ಸಂಜೆ ಹೋದರೆ ನನ್ನ ಗಂಟು ನನಗೇ ಮರೆತುಹೋಗಿತ್ತು! ಮೂರು ಸಲ ಕಟ್ಟಿದೆ, ಮೂರು ಸಲವೂ ಅವರು ತಲೆಯಾಡಿಸಿದರು. "ಪೇಪರಿನವರು ಕಣಯ್ಯಾ, ಕೊಟ್ಟು ಕಳಿಸು," ಎಂದು ಜಯಶೀಲ ಶಿಫಾರಸು ಮಾಡಿದರೂ ಕೊಡಲಿಲ್ಲ. ನಾಲ್ಕನೆಯ ಸಲಕ್ಕೆ ಕೈ ತಾನಾಗಿ ಸರಿಹೋಯಿತು. ನನ್ನ ಚೀಲ ನನಗೆ ಸಿಕ್ಕಾಗ ಆದ ಖುಷಿ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಇಲ್ಲಿ ಮೂಟೆ ಇಡುವವರೆಲ್ಲ ಸ್ಟೇಷನ್ನಿನ ಪಾದಚಾರಿ ಸೇತುವೆಯಾದ ಸ್ಕೈವಾಕಿನ ಕೆಳಗೆ, ಅಂಗಡಿಗಳ ಮುಂಗಟ್ಟಿನಲ್ಲಿ ಮಲಗುವವರು. ಬೆಳಿಗ್ಗೆ ಏಳಕ್ಕೆ ಕೂಲಿಯವರು ಸೇರುವ ನಾಕಾದಲ್ಲಿ, ಅಂದರೆ ವೃತ್ತದಲ್ಲಿ ನಿಂತು, ಗುತ್ತಿಗೆದಾರ ಕರೆದರೆ ಘೋಡಬಂದರ್ ರಸ್ತೆಯ ಕಟ್ಟಡಗಳಿಗೋ ಡೊಂಬಿವಲಿಯ ಕಾರ್ಖಾನೆಗಳಿಗೋ ಹೋಗುವವರು. ಮೂಟೆ ಹೊತ್ತು ನಿಂತವರನ್ನು ಯಾರೂ ಕರೆಯುವುದಿಲ್ಲ. ಬಿಟ್ಟು ಹೋದರೆ ಸಂಜೆಗೆ ಮೂಟೆ ಇರುವುದಿಲ್ಲ. ಅದರೊಳಗೆ ಆಧಾರ್ ಕಾರ್ಡು, ಊರಿನ ರೇಷನ್ ಕಾರ್ಡು, ಮಕ್ಕಳ ಫೋಟೋ, ಒಂದು ಜೊತೆ ಒಳ್ಳೆಯ ಬಟ್ಟೆ ಇರುತ್ತವೆ. "ಮೊದಲು ಮೂಟಿ ಕಾಯ್ಕೋತ ಕೆಲಸ ಬಿಡ್ತಿದ್ದೆ. ಈಗ ತಿಂಗಳಿಗೆ ಇಪ್ಪತ್ತು ದಿನ ಕೆಲಸ ಅದ," ಎನ್ನುತ್ತಾನೆ ಪೇಂಟಿಂಗ್ ಕೆಲಸದ ಬೂಬ. ದಿನಕ್ಕೆ ಎಪ್ಪತ್ನಾಲ್ಕು ಮೂಟೆ, ಮಳೆಗಾಲದಲ್ಲಿ ತೊಂಬತ್ತು. ಕೆಲಸ ಸಿಕ್ಕವರು ಐದು ರೂಪಾಯಿ ಡಬ್ಬಕ್ಕೆ ಹಾಕುತ್ತಾರೆ, ಸಿಗದವರು ಹಾಕುವುದಿಲ್ಲ. ಹೋಟೆಲಿನ ತರಕಾರಿ ಇಳಿಸುವ ಕೆಲಸವೂ ಅಂಬಾದಾಸ ಅವರದೇ. ಊಟ ಅಲ್ಲೇ. ಆರು ವರ್ಷದಲ್ಲಿ ಒಂದು ಮೂಟೆಯೂ ಕಳೆದಿಲ್ಲ, ಒಂದೂ ಅದಲುಬದಲಾಗಿಲ್ಲ. ಲಾಕರಿಗೆ ಎರಡು ಕೀಲಿ ಬೇಕೆನ್ನುವ ನಮ್ಮ ಬ್ಯಾಂಕಿನವರು ಒಮ್ಮೆ ಈ ಓಣಿಗೆ ಬಂದು ಹೋಗಬೇಕು.

ಆದರೆ ಒಂದು ವಿಚಿತ್ರ ಕಂಡೆ. ಕೈಗೆ ಪೆಟ್ಟಾಗಿದ್ದ ಮುದುಕನೊಬ್ಬ ತನ್ನ ಮೂಟೆಗೆ ಗಂಟು ಹಾಕಿಕೊಡಲು ಕೇಳಿದಾಗ ಅಂಬಾದಾಸ ಸಾಲಿನಲ್ಲಿದ್ದ ಇನ್ನೊಬ್ಬರನ್ನು ಕರೆದರು. "ನಾ ಯಾರದೂ ಕಟ್ಟಲ್ರಿ," ಎಂದರು ನನ್ನ ಕಡೆ ನೋಡದೆ. ಕಪಾಟಿನ ಮೇಲಿನ ಅರೆಯಲ್ಲಿ ಕೆಂಪು ಚೌಕಳಿಯ ಟವೆಲಿನಲ್ಲಿ ಕಟ್ಟಿದ ಎಪ್ಪತ್ತೈದನೆಯ ಮೂಟೆ ಒಂದಿತ್ತು. ಅದನ್ನು ಒಯ್ಯಲು ಯಾರೂ ಬರುವುದಿಲ್ಲ. ಅದು ಯಾರದೆಂದು ಹೇಳಲು ಅವರು ನನ್ನನ್ನು ಮೂರು ಸಲ ಓಣಿಗೆ ಓಡಾಡಿಸಿದರು.

ಅದು ಸಿದ್ರಾಮನದು. ಇಬ್ಬರೂ ಅಫಜಲಪುರದ ಕಡೆಯವರು, ಕಲಬುರಗಿಯ ತೊಗರಿ ಬಜಾರಿನಲ್ಲಿ ಒಟ್ಟಿಗೆ ಹಮಾಲಿ ಮಾಡಿದವರು. ಅಲ್ಲಿನ ಹಮಾಲರ ಗಂಟು ಒಂದಿದೆ. ಚೀಲ ಎಷ್ಟೇ ಭಾರವಿರಲಿ ಸೆಣಬಿನ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ, ಲಾರಿಯಿಂದ ಇಳಿಸಿದ ಮೇಲೆ ತುದಿ ಒಮ್ಮೆ ಜಗ್ಗಿದರೆ ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ದಿನಕ್ಕೆ ನೂರಾರು ಚೀಲ ಕಟ್ಟಿ ಬಿಚ್ಚುವವರಿಗೆ ಬೇರೆ ಗಂಟು ಹಾಕಲು ಪುರುಸೊತ್ತಿಲ್ಲ. ಹನ್ನೊಂದು ವರ್ಷದ ಹಿಂದೆ ಇಬ್ಬರೂ ಘೋಡಬಂದರ್ ರಸ್ತೆಯ ಒಂದು ಕಟ್ಟಡಕ್ಕೆ ಬಂದರು. ಗಡಗಡಿಯಿಂದ, ಅಂದರೆ ರಾಟೆಯಿಂದ, ಟೈಲ್ಸಿನ ಡಬ್ಬ ಮೇಲೇರಿಸುವ ಕೆಲಸ. ಒಬ್ಬ ಕಟ್ಟುವುದು, ಒಬ್ಬ ಎಳೆಯುವುದು, ದಿನ ಬಿಟ್ಟು ದಿನ ಪಾಳಿ. ಆ ದಿನ ಕಟ್ಟುವ ಪಾಳಿ ಅಂಬಾದಾಸ ಅವರದು, ಹಗ್ಗ ಹೊಸದು.

"ನೈಲಾನಂದ್ರಿ. ನೀಲಿ ಬಣ್ಣ, ಮಿಂಚತಿತ್ತು. ನಾ ನಮ್ಮ ಬಜಾರದ ಗಂಟೇ ಹಾಕ್ದೆ. ಕೈಗೆ ಬ್ಯಾರೆ ಬರಲ್ಲಲ್ಲ. ಮೂರನೇ ಮಾಳಿಗಿ ತನಕ ಹೋಯ್ತು. ಆಮ್ಯಾಲ ಜಾರ್ತು." ಕೆಳಗೆ ನಿಂತು ಎಳೆಯುತ್ತಿದ್ದ ಸಿದ್ರಾಮನ ಮೇಲೆ ಡಬ್ಬ ಬಿತ್ತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು.

ಅಪಘಾತ ಎಂದು ಬರೆದುಕೊಂಡರು. ಯಾರೂ ಅಂಬಾದಾಸ ಅವರನ್ನು ಬೈಯಲಿಲ್ಲ. "ಬೈಬೇಕಿತ್ರಿ," ಎನ್ನುತ್ತಾರೆ ಅವರು. ಅಂದು ಸಂಜೆ ಇಬ್ಬರ ಮೂಟೆಯನ್ನೂ ಎತ್ತಿಕೊಂಡು ಹೊರಟವರು ಕೆಲಸಕ್ಕೂ ಹಿಂದಿರುಗಲಿಲ್ಲ, ಊರಿಗೂ ಹೋಗಲಿಲ್ಲ. ಐದು ವರ್ಷ ಕಲ್ಯಾಣದ ರಸ್ತೆಯೇ ಮನೆಯಾಯಿತು. ಬೂಟಿನ ಲೇಸು ಕಿತ್ತೆಸೆದರು. ಲಾಡಿ ಕಟ್ಟುವ ಪೈಜಾಮ ಬಿಟ್ಟರು. ಗಂಟು ಎಂಬ ಗಂಟನ್ನೇ ಕೈಯಿಂದ ಹಾಕಲಿಲ್ಲ. ತಮ್ಮ ಮೂಟೆಯನ್ನು ಬಾಯಿ ತೆರೆದಂತೆಯೇ ಇಟ್ಟುಕೊಂಡು ಒಂದೊಂದೇ ಸಾಮಾನು ಕಳೆದುಕೊಂಡರು. ಸಿದ್ರಾಮನ ಕೈ ಕಟ್ಟಿದ್ದ ಮೂಟೆ ಮಾತ್ರ ತಲೆದಿಂಬಾಗಿ ಉಳಿಯಿತು.

ಆ ಸ್ಕೈವಾಕಿನ ಕೆಳಗೆ ಇವರ ನೆರೆಮನೆಯವರು ರಮಾಮಣಿ. ಈಗ ಎಪ್ಪತ್ತರ ಹತ್ತಿರದ ವಯಸ್ಸು, ಉಡುಪಿಯ ಕಡೆಯವರು, ಒಂದು ಕಾಲಕ್ಕೆ ಡೊಂಬಿವಲಿಯಲ್ಲಿ ಗಂಡನೊಡನೆ ಸಣ್ಣ ಕ್ಯಾಂಟೀನು ನಡೆಸಿದವರು. ಒಂದು ಮಳೆಗಾಲದ ಮಧ್ಯಾಹ್ನ ಅವರು ಕರಿಬೇವು ತರಲು ಹೋಗಿದ್ದಾಗ ಗಂಡ ಹೆಂಡತಿ ಇದ್ದ ಹಳೆಯ ಕಟ್ಟಡ ಕುಸಿಯಿತು. ಗಂಡ ಒಳಗಿದ್ದರು. ಇದು ಜಯಶೀಲ ಹೇಳುವ ಕಥೆ. ರಮಾಮಣಿಯವರದು ಬೇರೆ.

"ಬಿಲ್ಡಿಂಗ್ ಬಿದ್ದದ್ದಲ್ಲ ಮಾರಾಯ್ರೇ. ಹಳತಾಗಿತ್ತಲ್ಲ, ನಾನೇ ಮಡಚಿ ಈ ಮೂಟೆಯಲ್ಲಿ ಇಟ್ಟದ್ದು. ನಾಲ್ಕು ಮಾಳಿಗೆ ಉಂಟು, ಮೆಟ್ಟಿಲು ಉಂಟು. ನಮ್ಮವರು ಒಳಗೆ ಪೇಪರ್ ಓದ್ತಾ ಕೂತಿದ್ದಾರೆ. ಒಳ್ಳೆ ಜಾಗ ಸಿಕ್ಕಿದ ಕೂಡ್ಲೇ ಬಿಡಿಸ್ತೇನೆ." ಬೆರಳು ಸೊಟ್ಟಗಾಗಿ ಅವರಿಗೆ ಗಂಟು ಬಿಗಿಯಲು ಆಗುತ್ತಿರಲಿಲ್ಲ. ಕಟ್ಟಿಕೊಡು ಎಂದು ದಿನಾ ಬೆಳಿಗ್ಗೆ ಅಂಬಾದಾಸ ಅವರನ್ನು ಕೇಳುತ್ತಿದ್ದರು. "ಸಡಿಲ ಆದ್ರೆ ಬಿಲ್ಡಿಂಗ್ ರಸ್ತೆ ಮಧ್ಯೆ ಎದ್ದು ನಿಲ್ತದೆ. ಟ್ರಾಫಿಕ್ಕಿನ ಗತಿ ಎಂತ?" ಅಂಬಾದಾಸ ಮುಖ ತಿರುಗಿಸುತ್ತಿದ್ದರು. ಆದರೂ ಆಕೆ ಹೋಟೆಲಿನಿಂದ ಸಿಕ್ಕ ಇಡ್ಲಿಯಲ್ಲಿ ಅರ್ಧ ಇವರಿಗೆ ಎತ್ತಿಡುತ್ತಿದ್ದರು. ಅಂಬಾದಾಸ ಸ್ನಾನ ಮಾಡದ ದಿನ ಬಿಲ್ಡಿಂಗಿಗೆ ಪ್ರವೇಶವಿಲ್ಲ ಎಂದು ಹೆದರಿಸುತ್ತಿದ್ದರು. ಒಂದು ವರ್ಷ ಹೀಗೇ ನಡೆಯಿತು. ಬೇರೆ ಯಾರೊಡನೆಯೂ ಮಾತಾಡದವರು ಆಕೆಗೆ ಹೂಂ ಉಹೂಂ ಎನ್ನತೊಡಗಿದರು.

ಆರು ವರ್ಷದ ಹಿಂದಿನ ಜುಲೈನಲ್ಲಿ ಹಗಲಿಡೀ ಮಳೆ ಸುರಿದು, ಸಂಜೆ ನಾಲ್ಕಕ್ಕೆ ರಸ್ತೆಯ ನೀರು ಮೊಣಕಾಲು ಮುಟ್ಟಿತು. ರಮಾಮಣಿಯವರ ಮೂಟೆ ಬಿಚ್ಚಿಕೊಂಡು ನೀರಿನಲ್ಲಿ ತೇಲುತ್ತಿತ್ತು. ಆಕೆ ಕಿರುಚಲಿಲ್ಲ. "ಅಂಬಾದಾಸ, ನಮ್ಮವರು ಒಳಗಿದ್ದಾರೆ," ಎಂದರಷ್ಟೇ.

"ಆ ಮಾತು ಕೇಳಿ ನೀರಿಗಿ ಇಳದೆ. ಒಂದ್ ಸಲ ಜಾರಿ ಮನಷ್ಯಾ ಹೋಗ್ಯಾನ, ಇನ್ನೊಂದ್ ಸಲ ಬ್ಯಾಡ ಅನಿಸ್ತು. ನಾಕು ಮೂಲಿ ಹಿಡದು ಕಟ್ಟಿದೆ, ಹಲ್ಲೀಲೆ ಜಗ್ಗಿ ಮತ್ತ ಕಟ್ಟಿದೆ. ತಲಿ ಮ್ಯಾಲ ಹೊತ್ತೆ. ಸುಳ್ಳಲ್ರಿ, ಖರೇನೇ ಭಾರಿತ್ತು. ಬರೇ ಸೀರಿ ಇದ್ರ ಅಷ್ಟು ಭಾರ ಆಗ್ತದೇನ್ರಿ?" ನೆನೆದ ಸೀರೆಯ ಭಾರ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಆಗುವುದಿಲ್ಲ ಎಂದೆ.

ಹೋಟೆಲಿನ ಮೆಟ್ಟಿಲಿಗೆ ಬಂದು ರಮಾಮಣಿ ತುಳುವಿನಲ್ಲಿ ಕೂಗಿದಾಗ ಜಯಶೀಲ ಬಾಗಿಲು ತೆರೆದರು. ಈಗ ಮೂಟೆಗಳಿರುವ ಈ ಶಟರಿನ ಕೋಣೆ, ಹಳೆಯ ಗ್ಯಾಸ್ ಸಿಲಿಂಡರುಗಳದು, ಆಗ ಖಾಲಿಯಿತ್ತು. "ಎರಡು ದಿನ ಇರಿ ಅಂದದ್ದು ನಾನು. ಆರು ವರ್ಷ ಆಯ್ತು," ಎಂದು ನಗುತ್ತಾರೆ ಜಯಶೀಲ. ಆ ಮಳೆಯಲ್ಲೇ ಇನ್ನೂ ಹನ್ನೆರಡು ಜನ ತಮ್ಮ ಮೂಟೆ ತಂದಿಟ್ಟರು. ಅಂಬಾದಾಸ ಕಾವಲು ಕೂತರು. ನೀರು ಇಳಿದ ಮೇಲೂ ಜನ ಇಡುವುದನ್ನು ನಿಲ್ಲಿಸಲಿಲ್ಲ. ಅವರವರ ಗಂಟು ಅವರವರೇ ಹಾಕಲಿ ಎಂಬ ನಿಯಮ ಹುಟ್ಟಿದ್ದು ಹಾಗೆ. ಯಾರದೂ ಕಟ್ಟುವುದಿಲ್ಲ ಎನ್ನುವ ಅಂಬಾದಾಸ ಕಟ್ಟುವುದು ರಮಾಮಣಿಯವರದೊಂದನ್ನೇ.

ಸಿದ್ರಾಮನ ಹೆಂಡತಿ ಸತ್ಯಮ್ಮ ಪನ್ವೇಲ್ ದಾರಿಯ ಸೀವುಡ್ಸಿನಲ್ಲಿ ಇದ್ದಾರೆಂಬ ಸುದ್ದಿ ನಾಲ್ಕು ವರ್ಷದ ಹಿಂದೆಯೇ ನಾಕಾದಲ್ಲಿ ನಿಲ್ಲುವ ಊರ ಕಡೆಯ ಜನರಿಂದ ಬಂದಿತ್ತು. ಅಲ್ಲಿಗೆ ಹೋಗಲು ಅಂಬಾದಾಸ ಅವರಿಗೆ ಧೈರ್ಯ ಬಂದಿರಲಿಲ್ಲ. ನಾನೂ ಒತ್ತಾಯಿಸಲಿಲ್ಲ. ತೀರ್ಪು ಕೊಟ್ಟವರು ರಮಾಮಣಿ. "ಬೇರೆಯವರ ಮನೆಯನ್ನು ಅಷ್ಟು ವರ್ಷ ಇಟ್ಟುಕೊಳ್ಳಬಾರದು ಮಾರಾಯ. ಭಾನುವಾರ ಹೋಗಿ ಕೊಟ್ಟು ಬಾ. ನನ್ನ ಬಿಲ್ಡಿಂಗಿಗೆ ಆ ಮೇಲಿನ ಜಾಗ ಬೇಕು."

ಭಾನುವಾರ ನಾನೂ ಜೊತೆಗೆ ಹೋದೆ. ಕಲ್ಯಾಣದಿಂದ ರೈಲಿನಲ್ಲಿ ಠಾಣೆ ಊರಿಗೆ ಬಂದು, ಅಲ್ಲಿ ಪನ್ವೇಲ್ ಲೋಕಲ್ ಹಿಡಿದೆವು. ಜಾಗ ಖಾಲಿಯಿದ್ದರೂ ಅಂಬಾದಾಸ ಮೂಟೆಯನ್ನು ತೊಡೆಯಿಂದ ಇಳಿಸಲಿಲ್ಲ. ಎರಡು ಸ್ಟೇಷನ್ನುಗಳಲ್ಲಿ ಇಳಿದುಬಿಡಲು ಎದ್ದರು. ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ, ಅವರೇ ಮತ್ತೆ ಕುಳಿತರು.

ಸತ್ಯಮ್ಮ ದೊಡ್ಡ ಕಟ್ಟಡಗಳ ಮೆಟ್ಟಿಲು ಒರೆಸುವ ಕೆಲಸದವರು. ಒಂದು ಕೋಣೆಯ ಮನೆ, ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಬಾಗಿಲಲ್ಲಿ ನಿಂತವರನ್ನು ಆಕೆ ಕೂಡಲೇ ಗುರುತಿಸಿದರು.

"ಸಿದ್ರಾಮಂದು," ಎಂದು ಅಂಬಾದಾಸ ಮೂಟೆ ಚಾಚಿದರು. "ಹನ್ನೊಂದು ವರ್ಷ ಇಟ್ಕೊಂಡಿದ್ದೆ ಸತ್ಯವ್ವ. ತಪ್ಪಾಯ್ತು."

ಆಕೆ ನೆಲದ ಮೇಲೆ ಕುಳಿತು ಗಂಟಿನ ಮೇಲೆ ಹೆಬ್ಬೆರಳಾಡಿಸಿದರು. "ಇದು ಅವರೇ ಕಟ್ಟಿದ್ದು," ಎಂದರು. ನಾನು ಕತ್ತರಿ ಕೇಳಿದ್ದಕ್ಕೆ ಕಣ್ಣಲ್ಲೇ ಗದರಿದರು. ವರ್ಷಗಟ್ಟಲೆ ತಲೆದಿಂಬಾಗಿ ಬಿಗಿದುಹೋಗಿದ್ದ ಗಂಟು ಬಿಚ್ಚಲು ಕಾಲು ಗಂಟೆ ಹಿಡಿಯಿತು. ಎರಡು ಅಂಗಿ, ಅರ್ಧ ಸವೆದ ಸೋಪು, ಒಂದು ಬಾಚಣಿಗೆ, ಪ್ಲಾಸ್ಟಿಕ್ ಡಬ್ಬದಲ್ಲಿ ಕಪ್ಪಗಾಗಿ ಗಟ್ಟಿಯಾದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಆಕೆ ಡಬ್ಬವನ್ನು ಮೂಗಿಗೆ ಹಿಡಿದರು. "ನಾನೇ ಕುಟ್ಟಿ ಕೊಟ್ಟಿದ್ದೆ. ತಿಂದೇ ಇಲ್ಲ ನೋಡಣ್ಣ ಈ ಮನಷ್ಯಾ!" ಎಂದು ನಕ್ಕರು, ಆಮೇಲೆ ಅತ್ತರು.

"ಗಂಟು ನಂದಿತ್ತು ಸತ್ಯವ್ವ," ಎಂದರು ಅಂಬಾದಾಸ.

"ಗೊತ್ತದ. ಅದು ನಿಂದೊಂದೇ ಗಂಟಲ್ಲಣ್ಣ. ಬಜಾರದಾಗ ಎಲ್ಲಾರೂ ಅದೇ ಹಾಕ್ತಾರ. ಅವತ್ತು ಪಾಳಿ ಅವರದಿದ್ರ ಅವರೂ ಅದೇ ಹಾಕ್ತಿದ್ರು. ಹಗ್ಗ ಬ್ಯಾರೆ ಇತ್ತು." ಆಕೆ ಎಲ್ಲವನ್ನೂ ಮತ್ತೆ ಟವೆಲಿನಲ್ಲಿಟ್ಟು, ನಾಲ್ಕು ಮೂಲೆ ಎತ್ತಿ ಇವರ ಮುಂದೆ ಹಿಡಿದರು. "ಕಟ್ಟು."

ಅಂಬಾದಾಸ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದರು.

"ಇಷ್ಟು ವರ್ಷ ಜ್ವಾಪಾನ ಮಾಡೀದಿ. ಈಗ ನೀನೇ ಕಟ್ಟಿ ಕೊಡು. ನನ್ನ ಮನ್ಯಾಗ ನಿನ್ನ ಗಂಟೇ ಇರ್ಲಿ," ಎಂದರು ಸತ್ಯಮ್ಮ. ಅಂಬಾದಾಸ ಕೈ ಮುಂದೆ ತಂದು ಕಟ್ಟಿದರು. ಎರಡು ಸಲ ಬಿಗಿದು, ತುದಿಗಳನ್ನು ಒಳಗೆ ಸೇರಿಸಿ, ಮತ್ತೊಮ್ಮೆ ಬಿಗಿದರು. ನನ್ನ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡುವುದು ಯಾಕೆ?

ಮುಂದಿನ ಶನಿವಾರ ಬೆಳಗಿನ ಐದಕ್ಕೆ ನಾನು ಓಣಿಯಲ್ಲಿದ್ದೇನೆ. ಮೇಲಿನ ಅರೆಗೆ ರಮಾಮಣಿಯವರ ಬಿಲ್ಡಿಂಗು ಏರಿದೆ. ಗಾಳಿ ಬೆಳಕು ಚೆನ್ನಾಗಿದೆ ಎಂದು ಅವರು ನನ್ನನ್ನು ಕರೆದು ತೋರಿಸುತ್ತಾರೆ. ಕೈಪೆಟ್ಟಿನ ಮುದುಕನ ಮೂಟೆಗೆ ಅಂಬಾದಾಸ ತಾವೇ ಗಂಟು ಹಾಕುತ್ತಿದ್ದಾರೆ. ಸತ್ಯಮ್ಮ ಫೋನ್ ಮಾಡಿದ್ದನ್ನು ನಾನು ಹೇಳುತ್ತೇನೆ. ಮಗಳಿಗೆ ಅಪ್ಪನ ಅಂಗಿ ನೋಡಬೇಕಂತೆ, ತಾಯಿ ಮಗಳು ಇಬ್ಬರೂ ಸೇರಿದರೂ ಗಂಟು ಬಿಚ್ಚಲು ಆಗುತ್ತಿಲ್ಲವಂತೆ.

"ಜಗ್ಗಿ ನೋಡಿದ್ರಂತೇನು?"

"ಜಗ್ಗಿದರಂತೆ. ಉಗುರು ಮುರಿಯಿತಂತೆ."

ಅಂಬಾದಾಸ ತಲೆ ತಗ್ಗಿಸಿ ಮುಂದಿನ ಮೂಟೆಗೆ ಕೈ ಚಾಚುತ್ತಾರೆ. ಮುಖ ಮಾತ್ರ ಅರಳಿದೆ.

"ನಾಳೆ ಹೋಗಿ ಬಿಚ್ಚಿ ಕೊಟ್ಟು, ಮತ್ತ ಕಟ್ಟಿ ಬರ್ತೀನಿ. ಅದು ಜಾರಲ್ರಿ."