ಬೆಳಕೆಗೆ ಹೋಗಬೇಕಿದ್ದ ಕತ್ತೆ

ಹಳೆಯ ಹೊಲಿಗೆ ಡಬ್ಬಿಯಲ್ಲಿ ಗುಂಡಿ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಕತ್ತೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಮಣ್ಣಿನದು, ಒಂದು ಕಿವಿ ಇಲ್ಲ. ಕಾಲಿನ ಸಂದಿಯಲ್ಲಿ ಭತ್ತದ ಹುಲ್ಲಿನ ಎಳೆಯೊಂದು ಇನ್ನೂ ಸಿಕ್ಕಿಕೊಂಡಿತ್ತು. ಮೂಗಿಗೆ ಹಿಡಿದೆ. ಅಷ್ಟು ವರ್ಷದ ಹುಲ್ಲಿಗೆ ಎಂಥ ವಾಸನೆ ಎಂದು ನೀವು ನಗಬಹುದು... ನನಗಂತೂ ಹೊನ್ನಾವರದ ಕೇರಿ, ಹೊಲಿಗೆ ಮಿಷನ್ನಿನ ಎಣ್ಣೆ, ಪಕ್ಕದ ಮನೆಯ ಜಗಲಿ ಎಲ್ಲ ಒಟ್ಟಿಗೇ ನೆನಪಾದವು.

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎನ್ನುತ್ತಿದ್ದರು. ಪಕ್ಕದ ಮನೆಯವರು ಹೊಲಿಗೆ ಬಾಯಿ. ಗಂಡ ತೀರಿಕೊಂಡಿದ್ದರು, ಮನೆಯಲ್ಲಿ ಒಬ್ಬರೇ. ತುಟಿಯ ನಡುವೆ ಯಾವಾಗಲೂ ನಾಲ್ಕು ಗುಂಡುಸೂಜಿ, ಮಾತೆಲ್ಲ ತುಟಿಯ ಒಂದು ಮೂಲೆಯಿಂದ. ಬೆಳೆಯುವ ಹುಡುಗಿ ಎಂದು ನನ್ನ ಫ್ರಾಕನ್ನು ಎರಡು ವರ್ಷ ಮುಂದಿನ ಅಳತೆಗೇ ಹೊಲಿಯುತ್ತಿದ್ದರು. ಅದು ಮೈಗೆ ಸರಿಹೊಂದುವ ಹೊತ್ತಿಗೆ ಬಣ್ಣ ಹೋಗಿರುತ್ತಿತ್ತು.

ಕ್ರಿಸ್ಮಸ್ಸಿಗೆ ಒಂಬತ್ತು ದಿನ ಇರುವಾಗ ಬಾಯಿ ಪೆಟ್ಟಿಗೆಯಿಂದ ಮೂರು ಮಣ್ಣಿನ ಗೊಂಬೆ ತೆಗೆಯುತ್ತಿದ್ದರು. ಬಸುರಿ ಮೇರಿ, ಕೋಲು ಹಿಡಿದ ಜೋಸೆಫ್, ಮತ್ತು ಈ ಕತ್ತೆ. ಅವನ್ನು ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಲ್ಲಿ, ನೇರವಾಗಿ ಇಡುವಂತಿರಲಿಲ್ಲ. ದಿನಕ್ಕೊಂದು ಮನೆಯಲ್ಲಿ ಇಳಿದುಕೊಂಡು, ಹೊಳೆಯಾಚೆ ಕಾಸರಕೋಡಿನಲ್ಲಿದ್ದ ಅವರ ಅಕ್ಕನ ಮನೆಗೂ ಹೋಗಿ, ಕೊನೆಯ ದಿನ ವಾಪಸ್ಸು ಬರಬೇಕು. ಅಷ್ಟು ದೂರ ಯಾಕೆ ಎಂದು ಕೇಳಿದ್ದೆ.

"ಹೆರಿಗೆ ಮುಂಚೆ ಅವ್ರು ನಡೆದದ್ದು ಕುಮಟೆಯಿಂದ ಭಟ್ಕಳಕ್ಕೆ ಹೋಗಿ ಮತ್ತೆ ಬಂದಷ್ಟು ದೂರ. ಬಸ್ಸಿಲ್ಲ, ಎಂತ ಇಲ್ಲ. ಹೋದಲ್ಲಿ ಇಳಿಲಿಕ್ಕೆ ಜಾಗ ಕೂಡ ಇಲ್ಲ. ನಾವು ಇಷ್ಟಾದ್ರೂ ಮಾಡುದು ಬೇಡ್ವಾ?"

ನಾವು ಆ ಕೇರಿಗೆ ಬಂದ ಮೊದಲ ಡಿಸೆಂಬರ್ ಅದು. ನನಗೆ ಒಂಬತ್ತು ವರ್ಷ. ಕೇರಿಯ ಮನೆಗಳನ್ನೆಲ್ಲ ಸುತ್ತಿ ಗೊಂಬೆಗಳು ನಮ್ಮಲ್ಲಿಗೂ ಬಂದವು. ಅಜ್ಜಿ ಮಡಿ ಹೆಂಗಸು, ಒಳಗೆ ಬಿಡುತ್ತಾಳೋ ಇಲ್ಲವೋ ಎಂದು ಅಮ್ಮನಿಗೆ ಪುಕುಪುಕು. ಅಜ್ಜಿ ಮೇರಿಯ ಗೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಎಷ್ಟು ತಿಂಗಳು?" ಎಂದಳು. ಜಗಲಿಯ ಗೂಡು ಅವರಿಗಾಗಿ ಖಾಲಿಯಾಯಿತು. ಮೇರಿಯ ಎದುರು ಬೆಲ್ಲದ ಚೂರು, ಕತ್ತೆಗೆ ಗರಿಕೆ.

ಮರುದಿನ ಬೆಳಿಗ್ಗೆ ಬಾಯಿ ಕಾಸರಕೋಡಿಗೆ ಒಯ್ಯಲು ಬಂದರು. ಆಗ ಶರಾವತಿಗೆ ಸೇತುವೆ ಇರಲಿಲ್ಲ, ದೋಣಿಯಲ್ಲೇ ದಾಟಬೇಕು. ಅಜ್ಜಿ ಗೂಡಿಗೆ ಅಡ್ಡ ನಿಂತಳು.

"ತುಂಬು ಬಸುರಿ ಹೊಳೆ ದಾಟ್ಲಾಗ. ನಾ ಕಳಸ್ತ್ನಿಲ್ಲೆ."

"ಅಮ್ಮಾ, ಇದು ಮಣ್ಣಿಂದು ಅಲ್ವಾ?" ಬಾಯಿಗೆ ನಗು ತಡೆಯಲಾಗಲಿಲ್ಲ.

"ಮಣ್ಣಾದ್ರೆ ಎಂತಾತು? ಬಸುರಿ ಹೇಳಿ ನೀನೇ ಹೇಳಿದ್ದೆ. ಚೊಚ್ಚಲು ಬೇರೆ. ಇದ್ರ ಆಯಿ ಎಲ್ಲಿದ್ದು? ಮಗಳು ಹಿಂಗೆ ಅಲೀತಾ ಇದ್ರೆ, ಹೆರಿಗೆಗೆ ಕರ್ಕಂಡು ಹೋಪಲೆ ಆ ತಾಯಿಗೆ ಆಗ್ತಿಲ್ಯ?"

ಬಾಯಿಯ ನಗು ನಿಂತಿತು. "ಪುಸ್ತಕದಲ್ಲಿ ಅದು ಬರೆದಿಲ್ಲ ಅಮ್ಮ," ಎಂದವರು ಗೊಂಬೆ ಬಿಟ್ಟು ಹಾಗೆಯೇ ಮನೆಗೆ ಹೋದರು.

ಅಜ್ಜಿಗೆ ಏನೂ ಗೊತ್ತಿರಲಿಲ್ಲ. ಅಮ್ಮ ಆಮೇಲೆ ಹೇಳಿದಳು. ಬಾಯಿಗೆ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಬೇರೆ ಜಾತಿಯ ಮೀನುಗಾರನ ಜೊತೆ ಭಟ್ಕಳದಾಚೆಯ ಬೆಳಕೆ ಊರಿಗೆ ಹೋಗಿದ್ದಳು. ಇನ್ನು ನನ್ನ ಹೊಸಿಲು ತುಳಿಯಬೇಡ ಎಂದಿದ್ದರು ಬಾಯಿ. ಈಗ ಅವಳಿಗೆ ದಿನ ತುಂಬಿದೆ ಎಂಬ ಸುದ್ದಿ ಮೀನು ಮಾರುವವಳ ಬುಟ್ಟಿಯ ಜೊತೆ ಕೇರಿಗೆಲ್ಲ ಬಂದಿತ್ತು. ಕೇಳಿ ಅಜ್ಜಿ ಹಣೆ ಚಚ್ಚಿಕೊಂಡಳು.

ಮಾರನೆಯ ದಿನ ಬಾಯಿಯ ಮನೆಗೆ ಬೀಗ. ಮೊದಲ ದೋಣಿಗೇ ಹೋದರಂತೆ, ಕೈಯಲ್ಲಿ ಹಳೇ ಸೀರೆಯ ಗಂಟು. ಅರ್ಧ ಕೇರಿಯ ಹಬ್ಬದ ಬಟ್ಟೆಗೆ ಗುಂಡಿ ಹಾಕುವುದು ಬಾಕಿ ಇತ್ತು. ಜನ ಸೇಫ್ಟಿ ಪಿನ್ನು ಚುಚ್ಚಿಕೊಂಡು ಇಗರ್ಜಿಗೆ ಹೋದರು, ಬೈಯುತ್ತಲೇ. ಬಾಯಿಯ ಗೋದಲಿ ಆ ವರ್ಷ ಖಾಲಿ. ಮೇರಿ, ಜೋಸೆಫರು ನಮ್ಮ ಗೂಡಿನಲ್ಲೇ ಉಳಿದರು. ಅಜ್ಜಿ ದಿನವೂ ಬೆಲ್ಲ ಬದಲಿಸುತ್ತ, ಬೆಳಕೆಯ ಸುದ್ದಿಗಾಗಿ ಮೀನಿನವಳ ದಾರಿ ಕಾಯುತ್ತಿದ್ದಳು. ಮೀನು ಮುಟ್ಟದ ನಮ್ಮ ಅಜ್ಜಿ!

ನಲವತ್ತು ದಿನ ಕಳೆದ ಮೇಲೆ ಬಾಯಿ ಬಂದರು. ಹಿಂದೆ ಮಗಳು, ಬಾಯಿಯ ಹೆಗಲ ಮೇಲೆ ಹೆಣ್ಣುಕೂಸು. ತಮ್ಮ ಮನೆಗೂ ಹೋಗದೆ ಸೀದಾ ನಮ್ಮ ಜಗಲಿಗೆ ಬಂದು ಕೂಸನ್ನು ಅಜ್ಜಿಯ ಮಡಿಲಲ್ಲಿ ಹಾಕಿದರು. ಅಜ್ಜಿಯ ಮಡಿ ಆ ದಿನ ಎಲ್ಲಿ ಹೋಗಿತ್ತೋ... ಇಬ್ಬರೂ ಅತ್ತರು. ಹೊರಡುವಾಗ ಬಾಯಿ ಕತ್ತೆಯನ್ನು ನನ್ನ ಕೈಗಿತ್ತರು.

"ಇದು ನಿಂಗೆ. ವರ್ಷಕ್ಕೊಂದ್ಸಲ ನಂಗೆ ಕೊಟ್ರೆ ಆತು."

ಮುಂದೆ ಆರೇಳು ಡಿಸೆಂಬರ್ ನಾನೇ ಕತ್ತೆಯನ್ನು ಅವರ ಮನೆಗೆ ಒಯ್ದೆ. ಆಮೇಲೆ ಅಜ್ಜಿ ಹೋದಳು. ಅಪ್ಪನಿಗೆ ಕುಮಟೆಗೆ ವರ್ಗವಾಯಿತು. ಕಣ್ಣು ಮಂಜಾದ ಬಾಯಿ ಮಿಷನ್ನು ಮಾರಿ ಬೆಳಕೆಗೆ, ಮಗಳಲ್ಲಿಗೆ ಹೊರಟರು. "ಕ್ರಿಸ್ಮಸ್ಸಿಗೆ ಕತ್ತೆ ತಕ್ಕೊಂಡು ಬಾ ಮಗಾ," ಎಂದರು. ಹೂಂ ಎಂದೆ. ಹೋಗಲಿಲ್ಲ. ಓದು, ಮದುವೆ, ಮಕ್ಕಳು... ಭಟ್ಕಳ ದಾಟಿ ಹೋಗುವಾಗ ಎಷ್ಟು ಸಲ ಬೆಳಕೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೋ, ಇಳಿಯಲಿಲ್ಲ. ಅವರು ತೀರಿಕೊಂಡದ್ದೂ ಬಹಳ ತಡವಾಗಿ, ಯಾರೋ ಹೇಳಿ ತಿಳಿಯಿತು.

ಡಬ್ಬಿಯಲ್ಲಿ ಕತ್ತೆ ಸಿಕ್ಕ ವಾರವೇ ಬೆಳಕೆಯಲ್ಲಿ ಇಳಿದೆ. ವಿಚಾರಿಸಿಕೊಂಡು ಹೋದರೆ ಬಾಗಿಲು ತೆಗೆದವರು ಆ ಮಗಳೇ, ತಲೆಯೆಲ್ಲ ಬೆಳ್ಳಗೆ. ನನ್ನ ಗುರುತು ಸಿಗಲಿಲ್ಲ. ಅಂಗೈ ಬಿಡಿಸಿ ಕತ್ತೆ ತೋರಿಸಿದೆ. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಅಮ್ಮ ಹೋಗುವವರೆಗೂ ಪ್ರತಿ ವರ್ಷ ಗೋದಲಿಯಲ್ಲಿ ಮೇರಿ ಪಕ್ಕ ಒಂದು ಮುಷ್ಟಿ ಹುಲ್ಲು ಬೇರೆ ಇಡ್ತಿದ್ರು," ಎಂದರು. "ಹೊನ್ನಾವರದ ಹುಡುಗಿ ಕತ್ತೆ ತರ್ತದೆ ಅಂತ."