ನೌಮ್ ಬ್ರೆಡ್ಡು ತಿನ್ನುತ್ತಿದ್ದ ಜಾಗ

ಪ್ರಿಲೆಪ್ ಊರಿನ ಹಿಂದಿರುವ ನಮ್ಮ ಅಮೃತಶಿಲೆಯ ಗಣಿಯಲ್ಲಿ ದಿನದ ಕೆಲಸ ಶುರುವಾಗುತ್ತಿದ್ದುದು ಸೈರನ್ನಿನಿಂದಲ್ಲ, ನೌಮ್‌ನ ತಿಂಡಿಯಿಂದ. ಬೆಳಿಗ್ಗೆ ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಗಣಿಯ ಬಿಳಿ ಗೋಡೆಯ ನೆತ್ತಿಯಿಂದ ಇಳಿಯುತ್ತಿದ್ದ. ಕಬ್ಬಿಣದ ಸರಳಿನಿಂದ ಕಲ್ಲನ್ನು ಬಡಿದು, ಸದ್ದು ಗಟ್ಟಿಯೋ ಟೊಳ್ಳೋ ಎಂದು ಕೇಳಿ, ಸಡಿಲವಾದದ್ದನ್ನು ಮೀಟಿ ಬೀಳಿಸುತ್ತಿದ್ದ. ಕಾಲು ನೆಲಕ್ಕೆ ತಾಗಿದ ಮೇಲೆ ಅದೇ ಗೋಡೆಗೆ ಬೆನ್ನು ಒರಗಿಸಿ ಕೂತು, ಸುಟ್ಟ ಮೆಣಸಿನಕಾಯಿ ನಂಚಿಕೊಂಡು ಬ್ರೆಡ್ಡು ತಿನ್ನುತ್ತಿದ್ದ. ಅವನು ಚೂರು ಕೊಡವಿಕೊಂಡು ಎದ್ದ ಮೇಲೇ ನಾವು ಯಂತ್ರಗಳೊಂದಿಗೆ ಗೋಡೆಯ ಬುಡಕ್ಕೆ ಹೋಗುತ್ತಿದ್ದುದು. ಕಲ್ಲು ಕೊಯ್ಯುವ ಗರಗಸ ನನ್ನದು. ಗೋಡೆಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವನು ನಾನು. ಹಾಗಾಗಿ ನೌಮ್‌ನ ಹಸಿವಿನ ಬಗ್ಗೆ ಅವನ ಹೆಂಡತಿ ಮೆಂಕಾಳಿಗಿಂತ ನನಗೇ ಹೆಚ್ಚು ಕಾಳಜಿ.

ಚಳಿಗಾಲ ಮುಗಿಯುವ ಹೊತ್ತಿಗೆ ಮೆಂಕಾ ರಕ್ತದ ಕಾಯಿಲೆಯಿಂದ ರಾಜಧಾನಿ ಸ್ಕೋಪಿಯೆಯ ಆಸ್ಪತ್ರೆ ಸೇರಿದಳು. ನೌಮ್ ಸಂಜೆಯ ಬಸ್ಸಿಗೆ ಅಲ್ಲಿಗೆ, ಬೆಳಗಿನ ಬಸ್ಸಿಗೆ ಇಲ್ಲಿಗೆ. ನಿದ್ದೆ ಬಸ್ಸಿನಲ್ಲೇ.

ನಮ್ಮ ಮ್ಯಾನೇಜರ್ ಗ್ಲಿಗೋರ್ ಸಾಹೇಬರು ಆಗಷ್ಟೇ ಓಹ್ರಿದ್ ಸರೋವರದ ದಂಡೆಯ ಹೋಟೆಲೊಂದರಲ್ಲಿ ತರಬೇತಿ ಪಡೆದು ಬಂದಿದ್ದರು. ಕಷ್ಟದಲ್ಲಿರುವ ನೌಕರನಿಂದ ಕೆಲಸ ತೆಗೆಯುವುದು ಹೇಗೆ ಎಂಬುದು ಅಲ್ಲಿನ ಪಾಠ. ಅಲ್ಲಿ ಕೊಟ್ಟ ಬಿಲ್ಲೆಯನ್ನು ಅವರು ಕೋಟಿನಿಂದ ತೆಗೆದದ್ದನ್ನು ನಾವು ಯಾರೂ ನೋಡಲಿಲ್ಲ. ಅನುಕಂಪವನ್ನು ದಿನಾ ತೋರಿಸಬೇಕು, ಹೆಗಲ ಮೇಲೆ ಕೈಯಿಟ್ಟು ತೋರಿಸಬೇಕು ಎಂದು ಕಲಿತಿದ್ದರು. ನೌಮ್ ದಿನಾ ಅವರ ಕೈಗೆ ಸಿಗುತ್ತಿದ್ದುದು ಹಗ್ಗ ಕಟ್ಟಿಕೊಳ್ಳುವಾಗ ಮಾತ್ರ. ಮೆಂಕಾ ಊಟ ಮಾಡಿದಳೇ, ಜ್ವರ ಇಳಿಯಿತೇ, ಡಾಕ್ಟರು ಏನಂದರು ಎಂದು ಆಗಲೇ ವಿಚಾರಿಸುತ್ತಿದ್ದರು.

ಹಗ್ಗ ಕಟ್ಟಿಕೊಂಡವನನ್ನು ಮನೆಯ ಸುದ್ದಿ ಕೇಳುವ ರೂಢಿ ನಮ್ಮಲ್ಲಿಲ್ಲ. ಗಣಿಯಲ್ಲಿ ಅಡುಗೆ ಮಾಡುವ ಲೆಂಚೆ ಅದನ್ನು ಹೇಳಿಯೂ ನೋಡಿದಳು.

"ಹಗ್ಗ ಬಿಚ್ಚಿದ್ಮೇಲೆ ಕೇಳಿ ಸಾಹೇಬ್ರೇ. ಈಗ ಕೇಳಿದ್ರೆ ಮೆಂಕಾನೂ ಅವನ ಜೊತೆಗೇ ಮೇಲೆ ನೇತಾಡ್ತಾಳೆ."

"ನೀವು ಕಾಳು ಬೇಯ್ಸಿ ಲೆಂಚೆಮ್ಮ. ಮನುಷ್ಯತ್ವ ನಂಗೆ ಬಿಡಿ."

ನೌಮ್ ರಜೆ ಕೇಳಿದ. ಕಲ್ಲಿನ ದೊಡ್ಡ ಆರ್ಡರೊಂದು ಕಾದಿತ್ತು, ಬದಲಿ ಆಳು ಇರಲಿಲ್ಲ. ಸಾಹೇಬರು ರಜೆಯ ಬದಲು ರಿಯಾಯಿತಿ ಕೊಟ್ಟರು: ಒಂದು ದಿನ ಬಿಟ್ಟು ಒಂದು ದಿನ ಗೋಡೆ ಇಳಿದರೆ ಸಾಕು, ನಡುವಿನ ದಿನ ಸುಮ್ಮನೆ ಬುಡದಲ್ಲಿ ಕೂತು ಬ್ರೆಡ್ಡು ತಿಂದರಾಯಿತು. ಸಾಹೇಬರ ಮುಖವನ್ನೇ ನೌಮ್ ನೋಡಿದ. ಅವತ್ತೂ ಹಗ್ಗ ಕಟ್ಟಿಕೊಂಡ, ಮರುದಿನವೂ.

ಆಮೇಲೆ ಮೇಲಿನಿಂದ ಬರುವ ಸದ್ದು ಬದಲಾಯಿತು. ಮೊದಲು ಒಂದು ಕಲ್ಲಿಗೆ ಒಂದು ಪೆಟ್ಟು. ಈಗ ಅದೇ ಕಲ್ಲಿಗೆ ಮತ್ತೆ ಮತ್ತೆ, ಬಾಗಿಲು ತೆರೆಯದ ಮನೆಯ ಮುಂದೆ ನಿಂತವನ ಹಾಗೆ. ಕೆಳಗೆ ನಾವು ಚಹಾ ಕುಡಿಯುತ್ತ ಒಬ್ಬರ ಮುಖ ಒಬ್ಬರು ನೋಡದಂತೆ ಕೂರುತ್ತಿದ್ದೆವು.

ಒಂದು ಬೆಳಿಗ್ಗೆ ನೌಮ್ ಇಳಿದವನು ಗೋಡೆಯ ಬುಡದಲ್ಲಿ ಕೂರಲಿಲ್ಲ. ಬುತ್ತಿ ಎತ್ತಿಕೊಂಡು ಅಂಗಳ ದಾಟಿ, ಲಾರಿ ತೂಗುವ ಶೆಡ್ಡಿನ ಪಕ್ಕ ನಿಂತುಕೊಂಡೇ ತಿಂದ. ಬಿಸಿಯಾಗಲೆಂದು ಓಡಿಸಿಟ್ಟಿದ್ದ ಯಂತ್ರಗಳು ಒಂದೊಂದಾಗಿ ನಿಂತವು.

ಸಾಹೇಬರು ಓಡಿ ಬಂದರು. ಇದೇನು ಮುಷ್ಕರವೇ ಎಂದು ಕೇಳಿದರು.

"ಬಡಿದೆ ಸಾಹೇಬ್ರೇ," ಅಂದ ನೌಮ್. "ಕಲ್ಲು ಏನೋ ಅಂತು. ನಂಗೆ ಮೆಂಕಾ ಉಸಿರೇ ಕೇಳಿಸ್ತಿತ್ತು. ಅದು ಗಟ್ಟಿನೋ ಟೊಳ್ಳೋ, ನಂಗೊತ್ತಿಲ್ಲ."

ಇದೆಲ್ಲ ಆಯಾಸದಿಂದ ಹುಟ್ಟುವ ಭಾವನೆ, ತರಬೇತಿಯಲ್ಲೂ ಹೇಳಿದ್ದರು ಎಂದು ಸಾಹೇಬರು ಸಮಾಧಾನ ಮಾಡಿದರು. ಹೇಳುತ್ತಲೇ ಒಮ್ಮೆ ಗೋಡೆಯನ್ನು ತಲೆಯೆತ್ತಿ ನೋಡಿದರು. ಹೋಗಿ ತಮ್ಮ ಕಾರನ್ನು ಇನ್ನಷ್ಟು ದೂರ ನಿಲ್ಲಿಸಿ ಬಂದರು. ಅವತ್ತೇ ನೌಮ್‌ಗೆ ರಜೆ ಸಿಕ್ಕಿತು.

ಬದಲಿಗೆ ಬೇರೆ ಗಣಿಯಿಂದ ವೆಲ್ಕೋ ಎಂಬವನನ್ನು ಕರೆಸಿದರು. ಅವನು ಗೋಡೆ ಇಳಿದು, ಬ್ರೆಡ್ಡನ್ನು ತನ್ನ ವ್ಯಾನಿನಲ್ಲಿ ಕೂತು ತಿಂದ. ನಾವು ಗೋಡೆಯ ಬುಡಕ್ಕೆ ಹೋಗಲಿಲ್ಲ. ಗ್ಲಿಗೋರ್ ಸಾಹೇಬರು ಬುದ್ಧಿವಂತರು. ಮರುದಿನವೇ ಅಪ್ಪಣೆಯಾಯಿತು: ಗೋಡೆ ಇಳಿದ ನೌಕರನು ತಿಂಡಿಯನ್ನು ಕಡ್ಡಾಯವಾಗಿ ಗೋಡೆಯ ಬುಡದಲ್ಲೇ ತಿನ್ನತಕ್ಕದ್ದು. ವೆಲ್ಕೋ ತಿಂದ. ನಿಯಮ ಪಾಲನೆಯಾದ ಮೇಲೆ ಅಲ್ಲಿಗೆ ಹೋಗದಿರಲು ನಮ್ಮ ಬಳಿ ನೆಪ ಉಳಿಯಲಿಲ್ಲ.

ಭಾನುವಾರ ಲೆಂಚೆ ಸೂಪು ತೆಗೆದುಕೊಂಡು ಆಸ್ಪತ್ರೆಗೆ ಹೋಗಿ ಬಂದಳು. ಮೆಂಕಾ ಎರಡು ಚಮಚ ಕುಡಿದಳಂತೆ. ನೌಮ್ ಗಣಿಯ ಬಗ್ಗೆ ಒಂದೇ ಮಾತು ಕೇಳಿದನಂತೆ.

"ಕೂತ್ಕೊಂಡಾಗ ಹೊಸಬ ಗೋಡೆಗೆ ಬೆನ್ನು ಒರಗಿಸ್ತಾನಾ?"

ಸೋಮವಾರ ನೋಡಿದೆ. ವೆಲ್ಕೋ ಬುಡದಲ್ಲೇ ಕೂತಿದ್ದ, ಅಪ್ಪಣೆಯ ಪ್ರಕಾರ. ಬೆನ್ನಿಗೂ ಕಲ್ಲಿಗೂ ನಡುವೆ ಒಂದು ಕೈ ತೂರುವಷ್ಟು ಜಾಗವಿತ್ತು. ಒಂದು ಮೊಣಕಾಲು ಮೇಲೆದ್ದಿತ್ತು, ಹಿಮ್ಮಡಿ ನೆಲ ಬಿಟ್ಟಿತ್ತು, ಓಡಲು ತಯಾರಾದವನ ಹಾಗೆ. ಬೇಗ ಬೇಗ ಅಗಿದು, ಚೂರು ಕೊಡವಿ ಎದ್ದ. ಸಾಹೇಬರು ಕಾರಿನ ಪಕ್ಕದಿಂದಲೇ ಕೈ ಬೀಸಿದರು. ನಾನು ಗರಗಸ ತಳ್ಳಿಕೊಂಡು ಗೋಡೆಯತ್ತ ಹೊರಟೆ.